ಗುಟ್ಟಿನ ಅರ್ಧಪಾಲು

ಶಾಂಘೈನ ಕಾರ್ಟೂನ್ ಸ್ಟುಡಿಯೋದಲ್ಲಿ ಛು ವಾನ್‌ಜೆನ್‌ಗೆ ಕೆಲಸ ಸಿಕ್ಕಿದ್ದೂ, ಗಂಡ ಸಿಕ್ಕಿದ್ದೂ, ಬಾಯಿಗೆ ಬೀಗ ಬಿದ್ದಿದ್ದೂ ಒಂದೇ ವರ್ಷ. ನೀರಲ್ಲಿ ಮಸಿ ಹರಡಿದ ಹಾಗೆ ಕೊಕ್ಕರೆ, ಬಾತುಕೋಳಿಗಳು ತೆರೆಯ ಮೇಲೆ ಜೀವಂತ ಓಡಾಡುತ್ತಿದ್ದ ಕಾಲ ಅದು. ಹೇಗೆ ಮಾಡುತ್ತೀರಿ ಎಂದು ಕೇಳಿದ ಹೊರದೇಶದವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದರು. ಯಾಕೆಂದರೆ ವಿಧಾನ ಸರ್ಕಾರದ ಗುಟ್ಟು. ಅರ್ಧ ಚಿತ್ರ ವಿಭಾಗಕ್ಕೆ ಗೊತ್ತು, ಇನ್ನರ್ಧ ಕ್ಯಾಮೆರಾ ಕೋಣೆಗೆ. ಒಂದು ಚಿತ್ರವನ್ನು ನಾಲ್ಕು ಹಾಳೆಗಳಲ್ಲಿ ನಾಲ್ಕು ಛಾಯೆಗಳಾಗಿ ಒಡೆಯುವವಳು ವಾನ್‌ಜೆನ್. ಆ ನಾಲ್ಕನ್ನು ಮತ್ತೆ ಒಂದು ಮಾಡಿ ಮಸಿಯ ಹಾಗೆ ಹರಡಿಸುವವನು ಅವಳ ಗಂಡ ಪಾನ್ ಲಿಂಗೆನ್. ಯಾರಿಗೂ ಹೇಳುವುದಿಲ್ಲ ಎಂದು ಇಬ್ಬರೂ ಸಹಿ ಹಾಕಿದ್ದರು. ಒಂದೇ ಹಾಸಿಗೆಯಲ್ಲಿ ಇಪ್ಪತ್ತಮೂರು ವರ್ಷ ಮಲಗಿಯೂ ಅವಳ ಪಾಲು ಅವನಿಗೆ, ಅವನ ಪಾಲು ಅವಳಿಗೆ ಹೇಳಿಕೊಂಡವರಲ್ಲ. ಎಂಥ ಸಂಸಾರವಪ್ಪಾ ಇದು!

ಈಗ ಆ ಮಸಿಚಿತ್ರಗಳು ನಿಂತು ಆರು ವರ್ಷ. ಹೊರದೇಶದ ಗುತ್ತಿಗೆ ಕಾರ್ಟೂನುಗಳಿಗೆ ಬಣ್ಣ ತುಂಬುವುದೇ ಸ್ಟುಡಿಯೋದ ಹೊಟ್ಟೆಪಾಡು. ಹುಡುಗ ಹುಡುಗಿಯರೆಲ್ಲ ದಕ್ಷಿಣದ ಶೆನ್‌ಜೆನ್‌ಗೆ ಹೋಗಿ ಹೊಸ ಕಂಪನಿ ಸೇರಿಕೊಂಡರು. ವಾನ್‌ಜೆನ್‌ಗೂ ಅಲ್ಲಿಂದ ಕರೆ ಬಂದಿತ್ತು: ವರ್ಷಕ್ಕೊಂದು ಕಿರುಚಿತ್ರ, ಅವಳದೇ ಕತೆ, ಅವಳದೇ ಹೆಸರು. ಅದೊಂದು ಆಸೆ ಅವಳನ್ನು ಒಳಗೇ ಕೊರೆಯುತ್ತಿತ್ತು. ಆದರೆ ಬೇರೆ ಕಡೆ ಸೇರಲು ಆಫೀಸು ಬಿಡುಗಡೆ ಪತ್ರ ಕೊಡಬೇಕಲ್ಲ? ಗುಟ್ಟು ನಿಮ್ಮ ತಲೆಯೊಳಗಿದೆ, ಬರುವ ವರ್ಷ ಮಸಿಚಿತ್ರ ಮತ್ತೆ ಶುರು ಮಾಡುತ್ತೇವೆ, ಆಗ ನೀವು ಬೇಕು ಎನ್ನುತ್ತಿದ್ದರು. ಆ ಬರುವ ವರ್ಷ ಬರಲೇ ಇಲ್ಲ.

ಐದನೆಯ ಸಲ ಅರ್ಜಿ ವಾಪಸ್ಸಾದಾಗ ಗುಮಾಸ್ತ ಶೆನ್ ಬಾಯಿಬಿಟ್ಟ. "ನನ್ನ ಮೇಲೆ ಯಾಕಕ್ಕಾ ಸಿಟ್ಟು? ಪ್ರತಿ ಸಲ ಕ್ಯಾಮೆರಾ ಕೋಣೆಯ ಅಭಿಪ್ರಾಯ ಕೇಳ್ತೀವಿ. ಇವಳಂಥ ಕೈ ಇನ್ನೊಂದಿಲ್ಲ ಅಂತ ನಿಮ್ಮ ಯಜಮಾನರೇ ಬರೀತಾರೆ."

ವಾನ್‌ಜೆನ್ ಮನೆಗೆ ಬಂದಾಗ, ನಾಲ್ಕು ಸಂಸಾರ ಹಂಚಿಕೊಂಡ ಅಡುಗೆಮನೆಯಲ್ಲಿ ಲಿಂಗೆನ್ ಮೀನು ಹುರಿಯುತ್ತಿದ್ದ.

"ಏ ಪಾನ್, ನನ್ನ ಕಟ್ಟಿಹಾಕಿದ್ದು ನೀನೇನಾ?"

ಪಕ್ಕದ ಒಲೆಯವರ ಸೌಟು ನಿಂತಿತು.

"ಕೇಳಿದ್ರು, ಇದ್ದದ್ದು ಬರೆದೆ," ಎಂದ ಲಿಂಗೆನ್. "ನಿನ್ನ ಹಾಳೆ ಬೆಳಕಿಗೆ ಹಿಡಿದ್ರೆ ಈಗ್ಲೂ ಮೈ ಜುಂ ಅನ್ನುತ್ತೆ. ಅದನ್ನ ಮಾಮೂಲಿ ಅಂತ ಬರೀಲಾ? ನನ್ನ ಕೈ ಬಿದ್ದುಹೋಗಲ್ವಾ?"

ಇಷ್ಟು ವರ್ಷದಲ್ಲಿ ಅವನು ಅವಳೆದುರಿಗೇ ಅವಳ ಕೆಲಸ ಹೊಗಳಿದ್ದು ಅದೇ ಮೊದಲು. ಅವಳಿಗೆ ಅಳು ಬಂತು, ಅದರ ಹಿಂದೆಯೇ ಕೋಪವೂ ಬಂತು.

"ಬಿದ್ದುಹೋಗ್ಲಿ. ಈ ಸಲ ಮಾಮೂಲಿ ಅಂತಲೇ ಬರಿ!"

ಮೀನು ಸೀದುಹೋಯಿತು. ಮುಖ ಗಂಟಿಕ್ಕಿಕೊಂಡೇ ಲಿಂಗೆನ್ ಬರೆದುಕೊಟ್ಟ: "ಛು ವಾನ್‌ಜೆನ್ ಮಾಡುವುದು ಸಾಮಾನ್ಯ ಕೆಲಸ. ಯಾರು ಬೇಕಾದರೂ ಎಂಟು ದಿನದಲ್ಲಿ ಕಲಿಯಬಹುದು."

ಮರುದಿನ ಆಫೀಸಿನಲ್ಲಿ ಶೆನ್ ಅದನ್ನು ಎಲ್ಲರಿಗೂ ಕೇಳುವಂತೆ ಓದಿದ. "ಅಯ್ಯೋ, ಇಷ್ಟೇನಾ? ಇದಕ್ಕೇನಾ ಇಷ್ಟು ವರ್ಷ ಬೀಗ ಜಡಿದದ್ದು? ನಮ್ಮ ಟೈಪಿಸ್ಟ್ ಹುಡುಗೀನೂ ಮಾಡ್ತಾಳೆ ಬಿಡಿ! ಒಪ್ಪಿದ್ದೇನೆ ಅಂತ ಕೆಳಗೊಂದು ಸಹಿ ಹಾಕಿ ಅಕ್ಕ, ಈಗಲೇ ಮೊಹರು ಒತ್ತಿಬಿಡ್ತೀನಿ."

ಪಾಪ, ಅವನು ಖುಷಿಗೇ ಹೇಳಿದ್ದು. ವಾನ್‌ಜೆನ್ ಪೆನ್ನು ಹಿಡಿದಳು. ಸಹಿಯ ಮೊದಲರ್ಧ, ಛು ಎಂಬ ಮನೆತನದ ಹೆಸರು ಬರೆದಳು. ಅಷ್ಟರಲ್ಲಿ ಟೈಪಿಸ್ಟ್ ಹುಡುಗಿ ಕಿಸಕ್ಕನೆ ನಕ್ಕಳು.

"ಎಂಟು ದಿನವಾ?" ವಾನ್‌ಜೆನ್ ಎದ್ದು ನಿಂತಳು. "ಎರಡನೇ ಛಾಯೆ ಎಲ್ಲಿ ಮುಗಿಯುತ್ತೆ, ಮೂರನೇದು ಎಲ್ಲಿ ಶುರುವಾಗುತ್ತೆ ಅಂತ ಕಣ್ಣಿಗೆ ಕಾಣೋಕೇ ನಂಗೆ ಮೂರು ವರ್ಷ ಹಿಡೀತು! ಸತ್ತು ಹುಟ್ಟಿ ಬಂದ್ರೂ ಇವಳಿಗೆ ಬರಲ್ಲ! ಈ ಸ್ಟುಡಿಯೋದಲ್ಲಿ ಅದು ಬರೋದು ನನಗೊಬ್ಬಳಿಗೇ!"

ಶೆನ್ ಎತ್ತಿದ ಮೊಹರನ್ನು ಮೆಲ್ಲಗೆ ಕೆಳಗಿಟ್ಟ.

"ಅಕ್ಕ, ಎಲ್ಲರೂ ಕೇಳಿಸ್ಕೊಂಡ್ರು. ಈಗ ನಾನೇನು ಮಾಡ್ಲಿ?" ಅವನ ದನಿ ತಗ್ಗಿತ್ತು. "ಸಿಟ್ಟಲ್ಲಿ ಸುಳ್ಳು ಹೇಳ್ದೆ ಅಂದುಬಿಡಿ. ಅಷ್ಟು ಸಾಕು, ಒತ್ತಿಬಿಡ್ತೀನಿ."

ಅವಳು ಮೊಹರನ್ನೇ ನೋಡುತ್ತ ನಿಂತಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದಳು.

"ಸುಳ್ಳಲ್ಲ," ಎಂದಳು.