ಹೊಸ್ತಿಲಲ್ಲಿ ಕಲಸಿದ ಆರತಿ

ಬರೋಡದ ಫತೇಗಂಜಿನಲ್ಲಿ, ಹಾಸ್ಟೆಲುಗಳ ಹಿಂದಿನ ಓಣಿಯಲ್ಲಿ, ಗಿರಿಜಾಬಾಯಿಯವರ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಬರುತ್ತಿದ್ದುದು ಅದೊಂದೇ ಮನೆಯಿಂದ. ಧಾರವಾಡ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅವರ ಕೈ ಆ ತಾಳವನ್ನು ಮರೆತಿರಲಿಲ್ಲ. ಗಂಡ ಸದಾಶಿವರಾಯರು ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಮಾತು ಕಡಿಮೆ, ಎಲೆಯಡಿಕೆ ಹೆಚ್ಚು. ಮಕ್ಕಳಿರಲಿಲ್ಲ. ಅದನ್ನು ಗಿರಿಜಾಬಾಯಿ ಹೇಳಿಕೊಂಡು ಅತ್ತವರಲ್ಲ, ಮುಚ್ಚಿಟ್ಟವರೂ ಅಲ್ಲ.

ಗುಜರಾತಿಯನ್ನು ಅವರು ಕಲಿತದ್ದು ತರಕಾರಿಯವಳೊಂದಿಗೆ ಜಗಳವಾಡಿ. ಆ ಭಾಷೆಯೇ ಅವರನ್ನು ಆಸ್ಪತ್ರೆಯ ದಾರಿಗೆ ಹಚ್ಚಿತು. ಬ್ಯಾಂಕು, ರೈಲ್ವೆ, ಇನ್ಶೂರೆನ್ಸ್ ಎಂದು ವರ್ಗವಾಗಿ ಬಂದ ಕನ್ನಡದ ಮನೆಗಳ ಹೆಂಗಸರಿಗೆ ಡಾಕ್ಟರ ಮುಂದೆ ಬಾಯಿ ಕಟ್ಟುತ್ತಿತ್ತು. ‘ಗಿರಿಜಕ್ಕ, ಸ್ವಲ್ಪ ಬರ್ತೀರಾ?’ ಎಂದರೆ ಸಾಕು, ಅವರು ಒಲೆ ಆರಿಸಿ, ಸೆರಗು ಹೊದ್ದು ಹೊರಡುತ್ತಿದ್ದರು.

ಮಕ್ಕಳಿಗೆ ರಕ್ತ ತೆಗೆಸುವ ದಿನ ಬಂತೆಂದರೆ ಹಿಂದಿನ ದಿನವೇ ಅವರ ಕೆಲಸ ಶುರುವಾಗುತ್ತಿತ್ತು. ಹಳೆ ಸೀರೆಯ ಅಂಚಿನಿಂದ ಮಾಡಿದ ಗೊಂಬೆ, ಪೆನ್ನಿಗೆ ಶಾಯಿ ತುಂಬುವ ಫಿಲ್ಲರು, ಒಂದು ಲಾಡಿ. ಇಷ್ಟೇ ಅವರ ಸಾಮಾನು. ಮೊದಲು ತಮ್ಮ ತೋಳಿಗೇ ಲಾಡಿ ಕಟ್ಟಿಸಿಕೊಂಡು ಮಗುವಿನ ಕೈಗೆ ಫಿಲ್ಲರು ಕೊಡುವರು. ‘ಚುಚ್ಚು ನನಗ. ಡಾಕ್ಟರ್ ಆಗು.’ ಆಮೇಲೆ ಗೊಂಬೆಗೆ. ಕೊನೆಗೆ ಮಗುವಿಗೆ. ನೋಯುವುದಿಲ್ಲ ಎಂದು ಮಾತ್ರ ಅವರು ಯಾವ ಮಗುವಿಗೂ ಹೇಳಿದವರಲ್ಲ.

‘ಇರಿವಿ ಕಡದಂಗ ಅಲ್ಲ, ಅದಕ್ಕಿಂತ ಜಾಸ್ತಿ. ಚೇಳಿನಷ್ಟಲ್ಲ,’ ಎನ್ನುತ್ತಿದ್ದರು. ‘ಅಳು ಬಂದರ ಅಳು. ಕೈ ಒಂದು ಅಲ್ಲೇ ಇರಲಿ.’

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಎದುರುಮನೆಯ ರಜನಿಗೆ ಜ್ವರ ಹಿಡಿಯಿತು. ಬ್ಯಾಂಕಿನ ಅಚ್ಯುತ ಮತ್ತು ಪದ್ಮಾ ದಂಪತಿಗಳ ಒಬ್ಬಳೇ ಮಗಳು, ಏಳು ವರ್ಷ. ಮೊಣಕಾಲು ಊದಿಕೊಂಡಿತು, ಆಮೇಲೆ ಮಣಿಕಟ್ಟು. ಡಾಕ್ಟರು ರಕ್ತ ತೆಗೆಸಿ ನೋಡಿ, ಇದು ಕೀಲಿನಿಂದ ಹೃದಯಕ್ಕೆ ಇಳಿಯಬಹುದಾದ ಜ್ವರ ಎಂದರು. ಮಾತ್ರೆ ಕೊಟ್ಟು ಹಾಸಿಗೆಯಲ್ಲಿ ಮಲಗಿಸಿದರು. ಆ ಸಲ ರಜನಿ ಸುಮ್ಮನೆ ಕೈ ಕೊಟ್ಟಿದ್ದಳು. ಪದ್ಮಾ ಅವಳ ಕಣ್ಣನ್ನು ಅಂಗೈಯಿಂದ ಮುಚ್ಚಿದ್ದಳು, ತನ್ನ ಕಣ್ಣನ್ನೂ ಮುಚ್ಚಿಕೊಂಡಿದ್ದಳು.

ಎರಡನೆಯ ಸಲ ಎಲ್ಲ ಕೆಟ್ಟಿತು. ಮಾತ್ರೆ ಹೆಚ್ಚಿಸಬೇಕೋ ಇಳಿಸಬೇಕೋ ತಿಳಿಯಲು ಮತ್ತೆ ರಕ್ತ ಬೇಕಿತ್ತು. ಹುಡುಗಿ ಮೇಜಿನ ಕೆಳಗೆ ನುಸುಳಿದಳು, ಎಳೆದಾಗ ಕಂಪೌಂಡರನ ಕೈ ಕಚ್ಚಿದಳು. ಒದ್ದಾಡಿಸಿದರೆ ಹೃದಯಕ್ಕೆ ಒಳ್ಳೆಯದಲ್ಲ, ಸಮಾಧಾನ ಮಾಡಿ ಕರೆತನ್ನಿ, ಆದರೆ ತಡಮಾಡಬೇಡಿ ಎಂದು ಡಾಕ್ಟರು ವಾಪಸು ಕಳಿಸಿದರು.

ಪದ್ಮಾ ಗಿರಿಜಾಬಾಯಿಯವರ ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕುಳಿತಳು. ‘ಏನ್ ಮಾಡ್ಲಿ ಗಿರಿಜಕ್ಕ? ಮೊದಲ್ನೇ ಸಲ ಸುಮ್ನೆ ಕೊಟ್ಟೋಳು ಈಗ ಯಾಕ್ ಹಿಂಗಾಡ್ತಾಳೆ? ಕೇಳಿದ್ರೆ ಗೋಡೆ ಕಡೆ ತಿರುಗ್ತಾಳೆ. ಕಮಾಟಿ ಬಾಗಿಗೆ ಹುಲಿ ನೋಡೋಕ್ ಹೋಗೋಣ ಅಂತ ಹೇಳಿ ಕರ್ಕೊಂಡ್ ಹೋಗ್ಬಿಡ್ಲಾ?’

‘ಹುಲಿ ಅಂತ ಹೇಳಿ ಸೂಜಿ ತೋರಿಸಿದರ ನಾಳೆ ಹುಲೀನೂ ನಂಬೂದಿಲ್ಲ, ನಿನ್ನನ್ನೂ ನಂಬೂದಿಲ್ಲ,’ ಎಂದರು ಗಿರಿಜಾಬಾಯಿ. ‘ಮಧ್ಯಾಹ್ನ ಕಳಿಸು. ಇಲ್ಲಾಂದರ ಎತ್ತಿಕೊಂಡು ಬಾ.’

ರಜನಿ ತಾಯಿಯ ಹೆಗಲ ಮೇಲೆ ಬಂದಳು. ಗೊಂಬೆಯನ್ನು ಕಂಡು ಕೆಳಗಿಳಿದಳು. ಗಿರಿಜಾಬಾಯಿ ಒಂದು ಬಟ್ಟಲು ನೀರಿಟ್ಟು, ತಮ್ಮ ಪಾಡಿಗೆ ಕಾಳು ಆರಿಸುತ್ತ ಕುಳಿತರು. ಹುಡುಗಿ ಗೊಂಬೆಯ ತೋಳಿಗೆ ಲಾಡಿ ಬಿಗಿದಳು. ಗುಜರಾತಿಯಲ್ಲಿ ಗೊಂಬೆಯನ್ನು ಗದರಿದಳು. ಫಿಲ್ಲರಿನಿಂದ ಚುಚ್ಚಿದಳು. ಆಮೇಲೆ ಎದ್ದು ಹೋಗಿ ಒಂದು ತಟ್ಟೆ ತಂದು ಗೊಂಬೆಯ ಕೈ ಕೆಳಗಿಟ್ಟಳು. ಬಟ್ಟಲಿನ ನೀರನ್ನು ಅದರೊಳಗೆ ಸುರಿದಳು. ತಟ್ಟೆ ತುಂಬಿತು. ಅದನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದಂತೆ ಮೆಲ್ಲಗೆ ನಡೆದು, ಹೊಸ್ತಿಲ ಆಚೆ ಓಣಿಗೆ ಚೆಲ್ಲಿದಳು.

‘ಏನವಾ ಅದು?’

‘ಅದರ ರಕ್ತ.’

‘ಹೊರಗ ಯಾಕ ಚೆಲ್ಲಿದಿ?’

ರಜನಿ ಅವರ ಮುಖ ನೋಡಿದಳು. ಗೊತ್ತಿದ್ದೂ ಕೇಳುತ್ತಾರಲ್ಲ ಎಂಬಂತೆ. ‘ಮಾಸಿ, ನೀವೇ ಚೆಲ್ಲಿದ್ರಿ. ನಂದು. ಫುಲ್ ಥಾಲಿ.’

ಕಾಳಿನ ಮೊರ ಗಿರಿಜಾಬಾಯಿಯವರ ತೊಡೆಯ ಮೇಲೆ ನಿಂತುಹೋಯಿತು.

ಮೊದಲ ಸಲ ಆಸ್ಪತ್ರೆಯಿಂದ ಬಂದ ಮಗುವನ್ನು ಹೊಸ್ತಿಲಲ್ಲಿ ನಿಲ್ಲಿಸಿ ಆರತಿ ಎತ್ತಿದವರು ಅವರೇ. ಪದ್ಮಾಳದು ಅತ್ತೆ, ಅಜ್ಜಿ ಯಾರೂ ಇಲ್ಲದ ಮನೆ. ದೃಷ್ಟಿ ತಾಗಬಾರದೆಂದು, ಒಳಗೇ ಅರಿಸಿನಕ್ಕೆ ಸುಣ್ಣ ಬೆರೆಸಿ ಕೆಂಪು ನೀರು ಮಾಡಿ ತಂದು, ನಿವಾಳಿಸಿ, ಓಣಿಗೆ ಚೆಲ್ಲಿದ್ದರು. ಈ ಊರಲ್ಲೇ ಬೆಳೆದ, ಅಂಥ ಆರತಿಯನ್ನು ಎಂದೂ ಕಾಣದ ಮಗು ತೋಳಿಗೆ ಹತ್ತಿ ಒತ್ತಿಕೊಂಡು ಅದನ್ನೆಲ್ಲ ನೋಡಿತ್ತು. ಒಂದು ತಟ್ಟೆ ತುಂಬ ತೆಗೆದರು. ಮನೆಗೆ ತಂದರು. ಬೀದಿಗೆ ಚೆಲ್ಲಿದರು. ಇನ್ನೊಂದು ತಟ್ಟೆ ಕೊಡು ಎಂದರೆ ಯಾರು ತಾನೇ ಕೊಟ್ಟಾರು?

ಪದ್ಮಾ ಬಾಯಿಗೆ ಸೆರಗು ಹಿಡಿದಳು. ನಗು ಬಂದಿತ್ತೋ ಅಳು ಬಂದಿತ್ತೋ ಅವಳಿಗೂ ತಿಳಿದಿರಲಾರದು.

‘ನಗಬ್ಯಾಡ,’ ಎಂದರು ಗಿರಿಜಾಬಾಯಿ ಮೆಲ್ಲಗೆ. ‘ಅಷ್ಟು ಹೆದರಿಕಿ ಇಟಗೊಂಡು ಇಷ್ಟು ದಿನ ಹ್ಯಾಂಗ ಮಲಗಿತ್ತೋ ಕೂಸು.’

ಅವರು ಎದ್ದು ಅರಿಸಿನದ ಡಬ್ಬಿ ತಂದರು. ಗಂಡನ ಎಲೆಯಡಿಕೆಯ ತಟ್ಟೆಯಿಂದ ಸುಣ್ಣದ ಭರಣಿ ತಂದರು. ಎರಡನ್ನೂ ರಜನಿಯ ಮುಂದಿಟ್ಟರು. ‘ನೀರಿಗೆ ಇದನ್ನ ಹಾಕು. ಯಾವ ಬಣ್ಣ?’

‘ಪೀಳೊ,’ ಎಂದಳು ರಜನಿ. ಹಳದಿ.

‘ಈಗ ಸುಣ್ಣ. ಚಮಚದ ಹಿಂಬದಿಯಿಂದ ಇಷ್ಟೇ ಇಷ್ಟು.’

ರಜನಿ ಕಲಕಿದಳು. ಹಳದಿಯ ನಡುವೆ ಒಂದು ಕೆಂಪು ಗೆರೆ ಹುಟ್ಟಿತು, ಸುರುಳಿಯಾಯಿತು, ತಟ್ಟೆಯ ಅಂಚಿನವರೆಗೂ ಹರಡಿತು. ಅವಳು ಹೆದರಿ ಕೈ ಹಿಂದೆಗೆದಳು. ಆಮೇಲೆ ಬಗ್ಗಿ ನೋಡಿದಳು. ನೀರು ಚೆಲ್ಲಿ ಮತ್ತೊಮ್ಮೆ ಮಾಡಿದಳು. ಮತ್ತೂ ಒಮ್ಮೆ.

‘ನಿಮ್ಮ ರಾಯರು ಇವತ್ತು ಬರೀ ಅಡಿಕೆ ಜಗೀಬೇಕು,’ ಎಂದಳು ಪದ್ಮಾ.

ರಜನಿ ತಲೆಯೆತ್ತಿದಳು. ‘ಮತ್ತೆ ನನ್ನ ರಕ್ತ ಎಲ್ಲಿ?’

‘ಆಸ್ಪತ್ರೆಯೊಳಗ. ಸಣ್ಣ ಸೀಸೆಯೊಳಗ ಹಾಕಿ ಪರೀಕ್ಷಾ ಮಾಡಿದರು.’

‘ಎಷ್ಟು?’

ಗಿರಿಜಾಬಾಯಿ ಫಿಲ್ಲರನ್ನು ಕೈಗೆತ್ತಿಕೊಂಡರು. ಹೇಳಬೇಕೆಂದಾಗ ತಮಗೂ ಗೊತ್ತಿಲ್ಲವೆಂಬುದು ಅರಿವಾಯಿತು. ಎಷ್ಟು ಮಕ್ಕಳನ್ನು ಕರೆದುಕೊಂಡು ಹೋಗಿದ್ದರೂ ಅವರು ನೋಡುತ್ತಿದ್ದುದು ಮಗುವಿನ ಮುಖವನ್ನು. ಸೂಜಿಯ ಕಡೆ ಒಮ್ಮೆಯೂ ನೋಡಿರಲಿಲ್ಲ.

‘ಖರೇ ಹೇಳಲಿ? ನಾ ನೋಡಿಲ್ಲ. ನನಗೂ ಅಂಜಿಕಿ.’

ರಜನಿ ಅವರ ಕೈಯಿಂದ ಫಿಲ್ಲರನ್ನು ತೆಗೆದುಕೊಂಡಳು. ‘ಹಂಗಾದ್ರೆ ನಾನು ನೋಡ್ತೀನಿ. ಮಮ್ಮಿ ನನ್ನ ಕಣ್ಣು ಮುಚ್ಚಬಾರದು.’

ಮರುದಿನ ಪದ್ಮಾ ವರಾಂಡದ ಬೆಂಚಿನ ಮೇಲೆಯೇ ಉಳಿದಳು. ಗಿರಿಜಾಬಾಯಿ ಹುಡುಗಿಯ ಕೈ ಹಿಡಿದು ಒಳಗೆ ಹೋದರು. ಕಂಪೌಂಡರ್ ಅವಳನ್ನು ನೋಡಿದವನೇ ತನ್ನ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ‘ಬಂದರಲ್ಲ ರಜನಿಬೆನ್! ಬೆಳಿಗ್ಗೆ ಏನಾದರೂ ತಿಂದಿದ್ದೀರೋ, ಇಲ್ಲ ನನ್ನನ್ನೇ ತಿನ್ನುತ್ತೀರೋ?’ ಎಂದ ಗುಜರಾತಿಯಲ್ಲಿ. ರಜನಿ ನಗಲಿಲ್ಲ. ಸ್ಟೂಲಿನ ಮೇಲೆ ಕುಳಿತು ತೋಳು ಚಾಚಿದಳು.

ಕುದಿಸಿದ ಗಾಜಿನ ಸಿರಿಂಜನ್ನು ಅವನು ಚಿಮುಟದಿಂದ ಎತ್ತಿಕೊಂಡ. ಸೂಜಿ ಒಳಹೊಕ್ಕಾಗ ಅವಳ ಕಾಲ್ಬೆರಳುಗಳೆಲ್ಲ ಮಡಚಿಕೊಂಡವು, ಕಣ್ಣು ತುಂಬಿ ನೀರು ಕೆನ್ನೆಗಿಳಿಯಿತು. ಕೈ ಮಾತ್ರ ಕದಲಲಿಲ್ಲ. ಗಾಜಿನೊಳಗೆ ಕಡುಗೆಂಪು ಏರಿತು, ಬೆರಳಿನಷ್ಟೂ ಏರದೆ ನಿಂತಿತು.

‘ಮಾಸಿ, ನೋಡಿ! ಇಷ್ಟೇ.’

ಗಿರಿಜಾಬಾಯಿ ಅವಳ ಮುಖದಿಂದ ಕಣ್ಣು ಕಿತ್ತು ಸಿರಿಂಜನ್ನು ನೋಡಿದರು. ‘ಹೌದವಾ,’ ಎಂದರು. ‘ಇಷ್ಟೇ.’

ಹೃದಯಕ್ಕೆ ಪೆಟ್ಟಾಗಿಲ್ಲ, ಮಾತ್ರೆ ಇಳಿಸಬಹುದು ಎಂದು ಡಾಕ್ಟರು ಹೇಳಿದ್ದು ಆಮೇಲೆ. ಆ ದಿನ ಯಾರಿಗೂ ಅದು ಗೊತ್ತಿರಲಿಲ್ಲ. ಮೂವರೂ ಕುದುರೆಗಾಡಿ ಇಳಿದು ಮನೆಗೆ ಬಂದಾಗ ಬಾಗಿಲಲ್ಲಿ ತಟ್ಟೆ ಇರಲಿಲ್ಲ. ಬೇಕೆಂದೇ ಗಿರಿಜಾಬಾಯಿ ಏನೂ ಸಿದ್ಧಮಾಡಿಟ್ಟಿರಲಿಲ್ಲ.

ರಜನಿ ಹೊಸ್ತಿಲ ಹೊರಗೆ ನಿಂತಳು. ‘ಆರತಿ?’

‘ಇವತ್ತು ಬ್ಯಾಡ ಬಿಡವಾ.’

‘ಬೇಕು. ಇಲ್ಲೇ ತನ್ನಿ, ನಾನೇ ಕಲಸ್ತೀನಿ.’

ಒಂದು ತೋಳು ಹತ್ತಿಯ ಮೇಲೆ ಮಡಚಿಕೊಂಡಿತ್ತು. ಇನ್ನೊಂದು ಕೈಯಿಂದ ಅವಳು ಕಲಕಿದಳು. ಹಳದಿ ಕೆಂಪಾಗುವವರೆಗೂ ಮೂವರೂ ಬಾಗಿ ನೋಡುತ್ತ ನಿಂತರು.

ಅಂದಿನಿಂದ ಗಿರಿಜಾಬಾಯಿ ಆರತಿಯ ನೀರನ್ನು ಒಳಗೆ ಕಲಸಿ ತರುವುದಿಲ್ಲ. ಯಾರ ಮನೆಯೇ ಆಗಲಿ, ಮಗುವನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಅದರ ಕಣ್ಣೆದುರಿಗೇ ಅರಿಸಿನದ ಡಬ್ಬಿಯನ್ನೂ ಸುಣ್ಣದ ಭರಣಿಯನ್ನೂ ತೆರೆಯುತ್ತಾರೆ.