ಅರವತ್ತನೆಯ ಫಾರ್ಮು

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ಸುಮ್ಮನೆ ಕೇಳಿಸಿಕೊಂಡವಳಲ್ಲ. ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಸೋದರತ್ತೆ ಒಮ್ಮೆ, ತೀರಿಹೋದ ತನ್ನ ಗಂಡ ಅಂಗಳದಲ್ಲಿ ಕೆಮ್ಮಿದ್ದು ಕೇಳಿಸಿತು ಅಂದಳು. ‘ಕೆಮ್ಮು ಮಂದಿ ನಮ್ಮ ಗಲ್ಲ್ಯಾಗ ಏನ ಕಡಿಮಿ ಅದಾರನ ಅತ್ತಿ?’ ಅಂತ ನಾನು ನಕ್ಕೆ. ಆಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಸಮಾಜಶಾಸ್ತ್ರ ಓದತೊಡಗಿದ ಮೇಲಂತೂ ನನ್ನ ಬಾಯಿಗೆ ಬೀಗವೇ ಇರಲಿಲ್ಲ. ಯಾರ ಮೈಮೇಲೆ ಏನು ಬಂದರೂ ನನ್ನ ಹತ್ತಿರ ಅದಕ್ಕೊಂದು ಕಾರಣ ತಯಾರಿರುತ್ತಿತ್ತು.

ಈಗ ನಾನೇ ಹೇಳಲು ಕೂತಿದ್ದೇನೆ. ನಗಬೇಕೆನಿಸಿದರೆ ನಗಿ, ನನಗೆ ಬೇಸರವಿಲ್ಲ. ಆದರೆ ಇದರಲ್ಲಿ ಮೊದಲು ನನ್ನದೊಂದು ತಪ್ಪಿದೆ. ಅದನ್ನು ಒಪ್ಪಿಕೊಳ್ಳದೆ ಮುಂದಿನದನ್ನು ಹೇಳಲು ಬರುವುದಿಲ್ಲ.

ನಾನು ಕೊಲ್ಹಾಪುರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಇಚಲಕರಂಜಿಯ ಸುತ್ತ ವಿದ್ಯುತ್ ಮಗ್ಗಗಳಿಗಾಗಿ ಕಾಂಡಿ ತುಂಬುವ ಕನ್ನಡ ಮನೆಗಳ ಹೆಣ್ಣುಮಕ್ಕಳು ನನ್ನ ವಿಷಯ. ಕಾಂಡಿ ಅಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ಸಣ್ಣ ಮೋಟಾರು ಕೂಡಿಸಿದ ರಾಟಿಯ ಮುಂದೆ ಕೂತು ದಿನವಿಡೀ ಬುಟ್ಟಿಗಟ್ಟಲೆ ತುಂಬುತ್ತಾರೆ. ಮಗ್ಗದ ಮಾಲಕರೊಡನೆ ಮರಾಠಿ, ಒಳಗೆ ಒಲೆಯ ಮುಂದೆ ಕನ್ನಡ. ನಮ್ಮ ಮನೆಯೂ ಹಾಗೇ ಆದ್ದರಿಂದ ಅವರು ನನ್ನನ್ನು ಬೇರೆಯವಳೆಂದು ತಿಳಿಯುತ್ತಿರಲಿಲ್ಲ. ಅರವತ್ತು ಹೆಣ್ಣುಮಕ್ಕಳನ್ನು ಕಂಡು, ಒಬ್ಬೊಬ್ಬರಿಗೆ ನಾಲ್ಕು ಪುಟದ ಒಂದು ಫಾರ್ಮು ತುಂಬಬೇಕಿತ್ತು. ಕೊನೆಯ ಪ್ರಶ್ನೆ ಎಲ್ಲರಿಗೂ ಒಂದೇ: ‘ಇನ್ನೇನಾದರೂ ಹೇಳುವುದಿದೆಯೇ?’

ಐವತ್ತೊಂಬತ್ತು ಮುಗಿಸಿದ್ದೆ, ಒಂದೊಂದೂ ನಿಜವಾಗಿ ಮನೆಗೆ ಹೋಗಿ, ನೆಲದ ಮೇಲೆ ಕೂತು. ಅರವತ್ತನೆಯದು ಮಾತ್ರ ಕೈಗೆ ಸಿಗಲಿಲ್ಲ. ಒಬ್ಬಾಕೆ ತವರಿಗೆ ಹೋಗಿದ್ದಳು, ಇನ್ನೊಬ್ಬಾಕೆಯ ಅತ್ತೆ ಬಾಗಿಲಲ್ಲೇ ಬೇಡ ಅಂದಳು. ಅಷ್ಟರಲ್ಲಿ ಮಳೆ ಹಿಡಿಯಿತು, ನನಗೆ ಜ್ವರ ಹಿಡಿಯಿತು. ಶುಕ್ರವಾರ ಎಲ್ಲ ಫಾರ್ಮುಗಳನ್ನೂ ಮೇಜಿನ ಮೇಲಿಡಬೇಕೆಂದು ನನ್ನ ಮಾರ್ಗದರ್ಶಕಿ ಮ್ಯಾಡಂ ಹೇಳಿದ್ದರು. ಗುರುವಾರ ಮಧ್ಯಾಹ್ನ ಹಾಸ್ಟೆಲಿನ ಮಂಚದ ಮೇಲೆ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಕೂತೆ. ಕೋಣೆಯ ಗೆಳತಿ ಮನೀಷಾ ಬಟ್ಟೆ ಹಿಂಡಿ ಹಿಂಡಿ ಕೊಡುತ್ತಿದ್ದಳು. ಹಾಗೆ ಕೂತು ಅರವತ್ತನೆಯ ಫಾರ್ಮನ್ನು ನನ್ನ ತಲೆಯಿಂದಲೇ ತುಂಬಿದೆ. ಅರವತ್ತರಲ್ಲಿ ಒಂದು, ಯಾರಿಗೇನು ನಷ್ಟ ಅಂದುಕೊಂಡೆ.

ಹೆಸರು ಬಾಳವ್ವ ಅಂತ ಬರೆದೆ. ವಯಸ್ಸು ನಲವತ್ತೆರಡು. ತವರು ಹಲಕರ್ಣಿ, ಮನೆ ಕಬನೂರಿನಲ್ಲಿ ಹಿಟ್ಟಿನ ಗಿರಣಿಯ ಹಿಂದಿನ ಗಲ್ಲಿ. ಗಂಡನಿಗೆ ಮಗ್ಗದಲ್ಲಿ ರಾತ್ರಿ ಪಾಳಿ. ನಾಚಿಕೆಯ ಮಾತು ಹೇಳುತ್ತೇನೆ, ಬರೆಯುತ್ತ ಬರೆಯುತ್ತ ನನಗೆ ಹುರುಪು ಬಂತು. ಇಷ್ಟೇ ಆದರೆ ಸಪ್ಪೆ ಅನ್ನಿಸಿ ಅವಳಿಗೊಬ್ಬ ಮಗಳನ್ನು ಕೊಟ್ಟೆ, ಸುರೇಖಾ ಅಂತ ಹೆಸರಿಟ್ಟೆ, ಹದಿನಾರನೆಯ ವಯಸ್ಸಿಗೆ ಕಾಮಾಲೆಯಿಂದ ಸಾಯಿಸಿದೆ. ಕಾಗದದ ಹುಡುಗಿಯನ್ನು ಕೊಲ್ಲಲು ಎಷ್ಟು ಹೊತ್ತು? ಒಂದು ಸಾಲು. ತಾಯಿಯ ಮೇಲೆ ತಪ್ಪು ಬರಬಾರದೆಂದು, ಕಣ್ಣು ಹಳದಿಯಾದ ದಿನವೇ ಆಸ್ಪತ್ರೆಗೆ ಒಯ್ದಳು ಅಂತ ಸೇರಿಸಿದೆ. ಮಗಳ ನೆನಪಿಗೆ ಅವಳ ಹಸಿರು ರಿಬ್ಬನ್ನನ್ನು ತಾಯಿ ರಾಟಿಯ ಕಾಲಿಗೆ ಕಟ್ಟಿದ್ದಾಳೆ ಅಂತಲೂ ಬರೆದೆ. ಕೊನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಜ್ವರ ಮತ್ತೆ ಏರಿತ್ತು. ಆ ಜಾಗವನ್ನು ಖಾಲಿ ಬಿಟ್ಟು ಮಲಗಿಬಿಟ್ಟೆ.

ವಾರ ಕಳೆದ ಮೇಲೆ ಮ್ಯಾಡಂ ಕರೆಸಿದರು. ಅರವತ್ತು ಫಾರ್ಮುಗಳಲ್ಲಿ ಅವರ ಕೈಯಲ್ಲಿದ್ದದ್ದು ಅದೊಂದೇ. ‘ಹೀ ಬಾಯಿ ಮಲಾ ಪಾಹಿಜೆ,’ ಅಂದರು. ಈ ಹೆಂಗಸು ನನಗೆ ಬೇಕು ಅಂತ. ಅವಳ ಮೇಲೆ ಒಂದು ಪೂರ್ತಿ ಅಧ್ಯಾಯ ಬರೆಯಬೇಕು, ಮತ್ತೊಮ್ಮೆ ಹೋಗಿ ವಿವರವಾಗಿ ಮಾತಾಡಬೇಕು, ಆ ರಿಬ್ಬನ್ನಿನ ಫೋಟೋ ತರಬೇಕು. ನಾನು ಹೂಂ ಅಂದು, ಅವರು ಕೊಟ್ಟ ಫಾರ್ಮನ್ನು ತೆಗೆದುಕೊಂಡು ಹೊರಬಂದೆ. ಮೂರು ವರ್ಷದ ಕೆಲಸ ಅದೊಂದು ಹಾಳೆಯಿಂದ ನೀರಿಗೆ ಬೀಳುತ್ತದೆ ಎಂಬ ಭಯ. ಗಡಹಿಂಗ್ಲಜದಲ್ಲಿ ಅಪ್ಪ ಕಿರಾಣಿ ಅಂಗಡಿಗೆ ಬಂದವರಿಗೆಲ್ಲ ‘ನಮ್ಮ ಹುಡುಗಿ ಡಾಕ್ಟರ್ ಆಗಾಕತ್ತಾಳ’ ಅಂತ ಹೇಳಿಕೊಂಡು ಕೂತಿದ್ದ.

ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಆಸರೆ ಬೇಕಲ್ಲ. ಬಸ್ ಸ್ಟ್ಯಾಂಡಿನ ಬಳೆ ಅಂಗಡಿಯಲ್ಲಿ ಒಂದು ಹಸಿರು ರಿಬ್ಬನ್ ಕೊಂಡು ಬ್ಯಾಗಿನಲ್ಲಿಟ್ಟುಕೊಂಡೆ. ಕಬನೂರಿನಲ್ಲಿ ಕಾಂಡಿ ತುಂಬುವ ಯಾರನ್ನಾದರೂ ಹುಡುಕುವುದು, ಅವರ ರಾಟಿಗೆ ಕಟ್ಟಿ ಫೋಟೋ ತೆಗೆಯುವುದು, ಇಷ್ಟು ನನ್ನ ಯೋಜನೆ. ಹಾತಕಣಂಗಲೆ ದಾಟುವವರೆಗೂ ಕಿಟಕಿಯ ಪಕ್ಕ ಕೂತು ನನ್ನನ್ನು ನಾನೇ ಬೈದುಕೊಂಡೆ.

ಕಬನೂರಿನಲ್ಲಿ ಇಳಿದಾಗ ಹನ್ನೊಂದು ಗಂಟೆಯ ಬಿಸಿಲು. ಎಲ್ಲ ಗಲ್ಲಿಗಳಲ್ಲೂ ಮಗ್ಗಗಳ ಖಟಾಖಟ್. ಒಂದು ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ ಹಿಡಿದು ನಿಂತಿದ್ದ ಹೆಂಗಸನ್ನು, ಇಲ್ಲಿ ಕಾಂಡಿ ತುಂಬುವವರು ಯಾರಾದರೂ ಇದ್ದಾರೆಯೇ ಅಂತ ಕೇಳಿದೆ. ಆಕೆ ನನ್ನ ಬ್ಯಾಗು ನೋಡಿದಳು, ಮುಖ ನೋಡಿದಳು.

‘ಬಾಳವ್ವನ ಮನಿಗಿ ಬಂದೀರೇನ್ರಿ? ಇದ ಹಿಂದಿನ ಗಲ್ಲಿ, ಕಡೀ ಮನಿ.’

ನಾನು ಫಾರ್ಮಿನಲ್ಲಿ ಬರೆದ ಅದೇ ಹೆಸರು, ಅದೇ ಗಲ್ಲಿ. ಆದರೆ ನನ್ನ ಹತ್ತಿರ ಕಾರಣಗಳಿಗೆ ಬರವೇ? ಬಾಳವ್ವ ಅನ್ನುವುದು ನಮ್ಮ ಕಡೆ ಮನೆಗೊಂದು ಇರುವ ಹೆಸರು, ಹಿಟ್ಟಿನ ಗಿರಣಿ ಇಲ್ಲದ ಓಣಿ ಯಾವುದಿದೆ ಅಂತ ಸಮಾಧಾನ ಮಾಡಿಕೊಂಡು ಹೋದೆ. ಕಡೆಯ ಮನೆಯ ಬಾಗಿಲು ತೆರೆದಿತ್ತು. ಒಳಗೆ ರಾಟಿಯ ಮುಂದೆ ಕೂತಿದ್ದ ತೆಳ್ಳನೆಯ ಹೆಂಗಸು ತಲೆಯೆತ್ತಿ ನೋಡಿ, ಮೋಟಾರು ಬಂದ್ ಮಾಡಿ ಎದ್ದಳು.

‘ಬಂದ್ರ್ಯಾ? ಬರ್ರಿ ಅಕ್ಕಾರ, ಒಳಗ ಬರ್ರಿ. ಜ್ವರಾ ಹ್ವಾದುವೇನ್ರಿ? ಅವತ್ತ ನಿಮ್ಮ ಮೈ ಕೆಂಡ ಆಗಿತ್ತ ನೋಡ್ರಿ.’

ನಾನು ಹೊಸ್ತಿಲ ಮೇಲೆ ಹಾಗೇ ನಿಂತೆ. ರಾಟಿಯ ಎಡಗಾಲಿಗೆ ಮಾಸಿದ ಹಸಿರು ರಿಬ್ಬನ್ ಕಟ್ಟಿತ್ತು. ನೂಲಿನ ಧೂಳು ಕೂತು ಅದರ ಅಂಚು ಬೆಳ್ಳಗಾಗಿತ್ತು. ಗೋಡೆಯ ಮೇಲೆ ಒಂದು ಹುಡುಗಿಯ ಫೋಟೋ, ಅದಕ್ಕೆ ಪ್ಲಾಸ್ಟಿಕ್ ಹೂವಿನ ಮಾಲೆ. ಹೆಸರು ಕೇಳುವ ಧೈರ್ಯ ನನಗಿರಲಿಲ್ಲ. ಕೇಳುವ ಅಗತ್ಯವೂ ಬರಲಿಲ್ಲ. ‘ಸುರೇಖಾನ ಫೋಟೋಕ ಮಾಲಿ ಬದಲ ಮಾಡೇನಿ, ನೋಡಿದ್ರೇನ್ರಿ?’ ಅಂದಳು ಬಾಳವ್ವ.

ನೀವು ಬೇರೆ ಯಾರನ್ನೋ ನಾನೆಂದು ತಿಳಿದಿದ್ದೀರಿ ಅಂದೆ. ಆಕೆ ನಕ್ಕುಬಿಟ್ಟಳು. ‘ಯವ್ವಾ, ಜ್ವರದಾಗ ಮರತೀರೇನ? ಗುರುವಾರ ಬಂದಿದ್ರಿ. ಕರೆಂಟ ಹೋಗಿತ್ತ, ಮಗ್ಗ ಎಲ್ಲಾ ಬಂದ್. ಅದಕ್ಕ ಆರಾಮ ಮಾತಾಡಾಕ ಬಂತು. ನೀವು ಇಲ್ಲೇ ಕುಂತ ಬರ್ಕೊಂಡ್ರಿ. ನಾ ಶುಂಠಿ ಹಾಕಿ ಚಾ ಮಾಡಿದ್ನಿ, ಅರ್ಧಾ ಬಿಟ್ರಿ.’ ಬಾಗಿಲಿನ ಬಲಗಡೆಯ ಗೋಣಿತಟ್ಟನ್ನು ಕೈಯಿಂದ ಝಾಡಿಸಿ, ಅಲ್ಲೇ ನನ್ನನ್ನು ಕೂರಿಸಿದಳು.

ನನ್ನ ಬ್ಯಾಗಿನಲ್ಲಿ ಆ ಫಾರ್ಮು ಇತ್ತು. ಎದ್ದು ಓಡಿಹೋಗಬೇಕು ಅನ್ನಿಸಿತು, ಆದರೆ ಆಕೆ ನನ್ನೆದುರು ಕೂತು ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡ ರೀತಿ ನೋಡಿ ಏಳಲಾಗಲಿಲ್ಲ.

‘ಅವತ್ತ ಕಡೀಕ ನೀವು, ಮತ್ತೇನರೆ ಹೇಳೂದೈತೇನ ಬಾಳಕ್ಕಾ ಅಂತ ಕೇಳಿದ್ರಿ. ನಾ ಏನೂ ಇಲ್ಲಾ ಅಂದ್ನಿ. ನೀವು ಆ ಜಾಗಾ ಹಂಗ ಖಾಲಿ ಬಿಟ್ಟ ಎದ್ದ ಹ್ವಾದ್ರಿ. ಆವಾಗಿಂದ ಅನ್ನ ಗಂಟಲಾಗ ಇಳೀವಲ್ದರಿ ನನಗ.’ ಇನ್ನಷ್ಟು ಹತ್ತಿರ ಸರಿದು ಕೂತಳು. ‘ನಾ ನಿಮ್ಮ ಮುಂದ ಸುಳ್ಳ ಹೇಳೇನ್ರಿ ಅಕ್ಕಾರ. ಕಣ್ಣ ಹಳದಿ ಆದ ದಿನಾನ ದವಾಖಾನಿಗಿ ಒಯ್ದ್ನಿ ಅಂದ್ನೆಲ್ಲಾ, ಒಯ್ದಿಲ್ಲರಿ. ಎಂಟ ದಿನಾ ತಡಾ ಮಾಡೇನಿ. ಇವತ್ತ ನಾಳೆ, ಇವತ್ತ ನಾಳೆ ಅಂತ ಹೇಳಿ ಕೂಸಿನ ಕೈಲೆ ಕಾಂಡಿ ತುಂಬಿಸೇನಿ. ಮನ್ಯಾರ ರಾತ್ರಿ ಪಾಳಿ ಮಾಡಿ ಹಗಲ ಮಲಗವ್ರು, ಅವರಿಗೂ ಗೊತ್ತಿಲ್ಲ. ಆ ರಿಬ್ಬನ್ನ ನಾ ಕಟ್ಟಿದ್ದಲ್ಲರಿ. ಅಕೀನ ಕಟ್ಟ್ಯಾಳ. ಅವ್ವಾ, ತಲಿ ಭಾಳ ಭಾರ ಆಗೇತಿ, ಜಡಿ ಬಿಚ್ಚಿ ಚೂರ ಮಲಗ್ಲಿ? ಅಂದ್ಲು. ಈ ಬುಟ್ಟಿ ಒಂದ ಮುಗಿಸಿ ಮಲಗವ್ವಾ ಅಂದ್ನಿ. ರಿಬ್ಬನ್ ಬಿಚ್ಚಿ ರಾಟೀ ಕಾಲಿಗಿ ಕಟ್ಟಿದ್ಲು. ಬುಟ್ಟಿ ಮುಗಿಸಿದ್ಲು. ಮಲಗಿದ್ಲು. ಏಳಲಿಲ್ಲರಿ.’

ಅಳುತ್ತಿರಲಿಲ್ಲ ಆಕೆ. ಅಳುತ್ತಿದ್ದವಳು ನಾನು.

‘ಬರ್ಕೋರಿ,’ ಅಂದಳು. ‘ಅದನ್ನ ಹೊಡದ ಹಾಕ್ರಿ, ಇದನ್ನ ಬರ್ಕೋರಿ. ಒಂದ ಕಡೆರೆ ಖರೇ ಇರ್ಲಿ.’

ಫಾರ್ಮು ತೆಗೆದೆ. ಆಸ್ಪತ್ರೆಗೆ ಒಯ್ದ ಸಾಲನ್ನು, ತಾಯಿ ರಿಬ್ಬನ್ ಕಟ್ಟಿದ ಸಾಲನ್ನು ಆಕೆಯ ಕಣ್ಣೆದುರೇ ಹೊಡೆದುಹಾಕಿ, ಖಾಲಿ ಬಿಟ್ಟಿದ್ದ ಜಾಗದಲ್ಲಿ ಆಕೆ ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ಆಕೆಯ ಸುಳ್ಳು ಇಳಿದುಹೋಯಿತು. ನನ್ನದು? ‘ಬಾಳಕ್ಕಾ, ನಾ ಅವತ್ತ ಬಂದೇ ಇಲ್ಲ’ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಬರೆದದ್ದನ್ನು ಓದಿ ಹೇಳಿ ಅಂದಳು, ಓದಿದೆ. ಕೇಳಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಆ ಮುಖ ನೋಡಿದ ಮೇಲೆ ನಾನು ಹೇಗೆ ಹೇಳಲಿ? ಫೋಟೋ ತೆಗೆಯದೆ ಎದ್ದು ಬಂದೆ.

ಮ್ಯಾಡಂ ಮುಂದೆ ಮಾತ್ರ ಎಲ್ಲವನ್ನೂ ಒಪ್ಪಿಕೊಂಡೆ. ಇದು ನಾನು ಕೋಣೆಯಲ್ಲಿ ಕೂತು ಬರೆದದ್ದು, ಇದನ್ನು ತೆಗೆದುಬಿಡಿ, ಬೇಕಾದರೆ ನನ್ನನ್ನೂ ತೆಗೆದುಬಿಡಿ ಅಂದೆ. ಅವರು ಫಾರ್ಮನ್ನು ತಿರುವಿ ತಿರುವಿ ನೋಡಿದರು. ‘ಅಗಂ, ತೀ ಬಾಯಿ ಆಹೇ ಕೀ ನಾಹೀ?’ ಆ ಹೆಂಗಸು ಇದ್ದಾಳೋ ಇಲ್ಲವೋ ಅಂತ. ಇದ್ದಾಳೆ ಅಂದೆ. ರಿಬ್ಬನ್? ಇದೆ. ಇದನ್ನೆಲ್ಲ ಅವಳೇ ಹೇಳಿದಳೋ? ಅವಳೇ ಹೇಳಿದಳು. ‘ಮಗ ತುಝೀ ತಕ್ರಾರ್ ಕಾಯ್?’ ಅಂದರು. ಮತ್ತೇನು ನಿನ್ನ ತಕರಾರು ಅಂತ. ಜ್ವರ ತಲೆಗೇರಿದೆ, ಒಂದು ವಾರ ಊರಿಗೆ ಹೋಗಿ ಬಾ ಅಂದರು. ಜೀವನದಲ್ಲಿ ಮಾಡಿದ ಒಂದು ದೊಡ್ಡ ಮೋಸವನ್ನು ಬಾಯಿಬಿಟ್ಟು ಹೇಳಿದರೆ ನಂಬುವವರೇ ಇಲ್ಲ!

ಆಮೇಲೆ ನನಗೆ ಗೊತ್ತಿದ್ದ ಎಲ್ಲ ದಾರಿಗಳಿಂದ ಇದನ್ನು ಬಿಡಿಸಲು ನೋಡಿದೆ. ಕಬನೂರಿನಲ್ಲಿ ತಿರುಗುವಾಗ ಬೇರೆ ಯಾರದೋ ಬಾಯಿಂದ ಬಾಳವ್ವನ ಕಥೆ ಕೇಳಿ ಮರೆತಿರಬಹುದು. ಅದು ಜ್ವರದಲ್ಲಿ ಮೇಲೆ ಬಂದಿರಬಹುದು. ಸರಿ. ಆದರೆ ಗುರುವಾರ ನನ್ನನ್ನು ಕಂಡೆ ಅನ್ನುತ್ತಾಳಲ್ಲ? ಹಾಸ್ಟೆಲಿನ ರಜಿಸ್ಟರಿನಲ್ಲಿ ನಾನು ಹೊರಗೆ ಹೋದ ಸಹಿ ಇಲ್ಲ. ಮನೀಷಾಳನ್ನು ಎಷ್ಟು ಸಲ ಕೇಳಿದರೂ ಅವಳದು ಒಂದೇ ಉತ್ತರ, ‘ನೀನು ಮಂಚ ಬಿಟ್ಟು ಇಳಿಯಲಿಲ್ಲ.’ ಬೇರೊಬ್ಬ ಹುಡುಗಿ ಹೋಗಿದ್ದಳು ಅಂದರೆ, ಬಾಳವ್ವ ಅವಳಿಗೆ ಹೇಳಿದ ಅದೇ ಎರಡು ಸುಳ್ಳುಗಳು ನನ್ನ ಫಾರ್ಮಿನಲ್ಲಿ ಹೇಗೆ ಬಂದವು? ಊರಿನಲ್ಲಿ ಸೋದರತ್ತೆಯ ಹತ್ತಿರ ಹೋಗಿ, ಅವತ್ತು ಅಂಗಳದಲ್ಲಿ ಕೆಮ್ಮಿದ್ದು ಮಾವನೇ ಇರಬಹುದು ಅಂದೆ. ಆಕೆ ನನ್ನ ಹಣೆ ಮುಟ್ಟಿ ನೋಡಿದಳು.

ಬಾಳವ್ವ ಕೇಳಿದ್ದು ಒಂದೇ, ಒಂದು ಕಡೆಯಾದರೂ ನಿಜ ಇರಲಿ ಅಂತ. ಹೆಸರು ಊರು ಬದಲಿಸಿ, ಆಕೆ ಹೇಳಿದ್ದನ್ನು ಹೇಳಿದ ಹಾಗೇ ಪ್ರಬಂಧದಲ್ಲಿಟ್ಟೆ. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಅದೇ ಪುಟ ತೆರೆದು, ಯಾರಿಗೂ ಹೇಳದ್ದನ್ನು ಆ ತಾಯಿ ನಿಮಗೆ ಹೇಳಿದಳಲ್ಲ, ಅಷ್ಟು ವಿಶ್ವಾಸ ಹೇಗೆ ಗಳಿಸಿದಿರಿ ಅಂತ ಕೇಳಿದರು. ನಾನು ಎದುರಿಗಿದ್ದ ಗ್ಲಾಸಿನ ನೀರು ಕುಡಿದೆ. ವಿನಯ ಅಂದುಕೊಂಡರೋ ಏನೋ, ಅವರು ಮುಂದಿನ ಪ್ರಶ್ನೆಗೆ ಹೋದರು.

ಡಿಗ್ರಿ ಬಂದ ಮೇಲೆ ಪೇಡೆ ತೆಗೆದುಕೊಂಡು ಕಬನೂರಿಗೆ ಹೋದೆ. ಈ ಸಲ ಹೇಳಿಯೇ ಬರುತ್ತೇನೆ ಅಂತ ಬಸ್ಸಿನಲ್ಲಿ ನೂರು ಸಲ ಬಾಯಿಪಾಠ ಮಾಡಿದ್ದೆ. ಬ್ಯಾಗಿನ ತಳದಲ್ಲಿ, ಅವತ್ತು ಕೊಂಡ ಹಸಿರು ರಿಬ್ಬನ್ ಇನ್ನೂ ಸುರುಳಿ ಬಿಚ್ಚದೆ ಇತ್ತು. ಬಾಳವ್ವ ರಾಟಿ ನಿಲ್ಲಿಸಿ, ಪಕ್ಕದ ಮನೆಯಾಕೆಯನ್ನು ಕೂಗಿ ಕರೆದು, ನನ್ನ ಭುಜದ ಮೇಲೆ ಕೈಯಿಟ್ಟಳು.

‘ಇವರ ನೋಡ ಅಕ್ಕಾರ, ಡಾಕ್ಟರ್ ಆಗ್ಯಾರ ಈಗ. ಅವತ್ತ ಅಂಥಾ ಮಳ್ಯಾಗ, ಜ್ವರದಾಗ, ನನ್ನ ಮನಿ ಹುಡಿಕ್ಕೋತ ಬಂದಿದ್ರು. ಇವರ ಬರಲಿಲ್ಲಂದ್ರ ನನ್ನ ಎದಿಯಾಗಿಂದು ಎದಿಯಾಗ ಇಟಗೊಂಡ ಸಾಯತಿದ್ನಿ ನಾ.’ ನನ್ನ ಕಡೆ ತಿರುಗಿ, ಪೇಡೆ ಮುರಿದು ಅರ್ಧ ನನ್ನ ಬಾಯಿಗೇ ಇಟ್ಟಳು. ‘ಹೌದಿಲ್ರಿ ಅಕ್ಕಾರ?’

‘ಹೌದ್ರಿ,’ ಅಂದೆ.