ಇನ್ನೊಂದು ಹನಿ ನೀರು

ಅರವತ್ತರ ದಶಕದ ಮೊದಲಲ್ಲಿ ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಆಗ ನಮ್ಮಲ್ಲಿ ಯಂತ್ರವಿರಲಿಲ್ಲ, ಕಣ್ಣೇ ಅಳತೆ. ಗೀಟು ಹಾಕಿದ ಗಾಜಿನ ಕೊಳವೆಯಲ್ಲಿ ರಕ್ತಕ್ಕೆ ಆಮ್ಲ ಬೆರೆಸಿದರೆ ಕಾಫಿಯ ಬಣ್ಣ ಬರುತ್ತಿತ್ತು. ಪಕ್ಕದ ಮಾದರಿ ಗಾಜಿನಷ್ಟು ತಿಳಿಯಾಗುವವರೆಗೆ ಅದಕ್ಕೆ ಹನಿಹನಿಯಾಗಿ ನೀರು ಬಿಡಬೇಕು. ನೀರು ಎಷ್ಟು ಮೇಲೇರುತ್ತದೋ ರಕ್ತ ಅಷ್ಟು ಚೆನ್ನಾಗಿದೆ ಎಂದರ್ಥ. ಒಂದೇ ರಕ್ತಕ್ಕೆ ನಾವು ಮೂವರು ಮೂರು ಲೆಕ್ಕ ಹೇಳುತ್ತಿದ್ದೆವು; ಮೋಡ ಕವಿದರೆ ನಾಲ್ಕನೆಯದೂ ಹುಟ್ಟುತ್ತಿತ್ತು. ಕೊನೆಗೆ ನಮ್ಮ ವಿಭಾಗದ ಹಿರಿಯರು ಕೊಳವೆಯನ್ನು ಕಿಟಕಿಗೆ ಹಿಡಿದು ಹೇಳಿದ್ದೇ ವೇದವಾಕ್ಯ.

ಕಾಲೇಜು ಓದುತ್ತಿದ್ದ ನನ್ನ ತಂಗಿಗೆ ಮೂಳೆಯೊಳಗಿನ ಮಜ್ಜೆ ಬತ್ತತೊಡಗಿತು. ಹೊಸ ರಕ್ತ ಹುಟ್ಟಿಸುವ ತಾಯಿಕಣಗಳು ಅಲ್ಲಿವೆ, ಅವು ಮತ್ತೆ ಚಿಗುರಬಹುದು, ಕಾಯೋಣ ಎಂದರು ಡಾಕ್ಟರು. ಅಳತೆ ಕೆಳಗಿಳಿದರೆ ಮಾತ್ರ ಬೇರೆಯವರ ರಕ್ತ ಕೊಡುವುದು. ಅದು ಸಿಗುವುದೇ ಕಷ್ಟವಿತ್ತು. ಅವ್ವ ಬೋಗಾದಿಯ ನೆಂಟರಿಂದ ನುಗ್ಗೆಸೊಪ್ಪು ತರಿಸಿ ತರಿಸಿ ಬೇಯಿಸಿದಳು.

ತಮ್ಮವರ ರಕ್ತವನ್ನು ತಾವೇ ನೋಡಬಾರದೆಂಬ ಪದ್ಧತಿ ನಮ್ಮಲ್ಲಿತ್ತು. ಹಾಗಾಗಿ ತಂಗಿಯ ಕೊಳವೆ ಹಿರಿಯರ ಕೈಗೆ ಹೋಗುತ್ತಿತ್ತು. ನಾನು ಎದುರಿಗೆ ನಿಂತಿರುತ್ತಿದ್ದೆ. ಬಣ್ಣ ಹೊಂದಿದ ಮೇಲೂ ಅವರು ಇನ್ನೊಂದು ಹನಿ ಬಿಡುತ್ತಿದ್ದರು.

“ಸಾಕು ಸಾರ್, ಆಗ್ಲೇ ತಿಳಿಯಾಗ್ಬುಡ್ತು.”

“ಇನ್ನೂ ಗಟ್ಟಿಯಾಗೈತೆ ಕಣಮ್ಮ. ನೀನು ಹೆದ್ರಿದ್ದೀಯ, ಅದ್ಕೇ ಅಂಗೆ ಕಾಣ್ತದೆ.”

ಡಾಕ್ಟರಿಗೇ ಹೇಳಿದೆ. “ಅಕ್ಕನ ಕಣ್ಣಿಗೆ ಎಲ್ಲಾ ಬಿಳಿಚಿಕೊಂಡೇ ಕಾಣೋದು, ಹೋಗಮ್ಮ” ಎಂದು ನಕ್ಕರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಹಿರಿಯರ ಲೆಕ್ಕ ನಂಬಿ, ಮಜ್ಜೆ ಚಿಗುರುತ್ತಿದೆ ಎಂದು ಡಾಕ್ಟರು ಕಾಯುತ್ತಲೇ ಇದ್ದರು. ತಂಗಿಗೆ ಮನೆಯ ಹೊಸಿಲು ದಾಟಲೂ ಉಸಿರು ಸಾಲದಾಯಿತು. ರಕ್ತ ಕೊಡುವುದೆಂದು ತೀರ್ಮಾನವಾದ ದಿನವೇ, ಕೊಡುವ ಮೊದಲೇ, ಅವಳು ತೀರಿಕೊಂಡಳು.

ಆಮೇಲೆ ಡಾಕ್ಟರು ಹೊಸ ಕಟ್ಟುಪಾಡು ತಂದರು. ಕೊಳವೆಯ ಮೇಲೆ ರೋಗಿಯ ಹೆಸರಿರಬಾರದು, ನಂಬರು ಮಾತ್ರ. ಇಬ್ಬರು ಬೇರೆ ಬೇರೆಯಾಗಿ ನೋಡಿ ಬರೆಯಬೇಕು. ನಮ್ಮ ಅಳತೆಗಳು ಎಷ್ಟೋ ಹತ್ತಿರ ಬಂದವು. ಅವು ಹೊಂದಿದಾಗಲೆಲ್ಲ ನನಗೆ ತಂಗಿಯ ಕೊಳವೆ ನೆನಪಾಗುತ್ತಿತ್ತು.

ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ ಹಿರಿಯರು ತಾವಾಗಿಯೇ ಬಾಯಿಬಿಟ್ಟರು.

“ಅವಾಗ ನಿನ್ ತಂಗಿ ರಕ್ತ ನಂಗೂ ತಿಳಿಯಾಗೇ ಕಾಣ್ತಿತ್ತು ಕಣಮ್ಮ. ನೀನು ಸಾಕು ಅಂದ್ರೂ, ನಿನ್ ಮುಖ ನೋಡ್ತಾ ಕಮ್ಮಿ ಅನ್ನಕ್ಕೆ ಮನಸ್ಸು ಬರ್ನಿಲ್ಲ.”

ಹೇಳುತ್ತಲೇ ಅವರು ಅತ್ತುಬಿಟ್ಟರು. ಬೈಯಲು ಒಬ್ಬ ಕೆಟ್ಟ ಮನುಷ್ಯನಾದರೂ ಸಿಕ್ಕಿದ್ದರೆ ನನ್ನ ದುಃಖ ಎಷ್ಟೋ ಹಗುರವಾಗುತ್ತಿತ್ತು.